ಶರಣುಗೆ ಹೇಳದ ಗಾಳಿ

ಮೊನ್ನೆ ಕಲಬುರಗಿಯ ಜಗತ್ ಸರ್ಕಲ್ಲಿನಲ್ಲಿ ಕೆಂಪು ಬಾಳೆಹಣ್ಣಿನ ಗಾಡಿಯ ಮುಂದೆ ನಿಂತಿದ್ದೆ. ಮೇಲೆ ಕಟ್ಟಿದ್ದ ತಾಡಪತ್ರಿಯ ತುದಿ ಪಟಪಟ ಬಡಿದುಕೊಂಡಿತು. ನನ್ನ ಬಾಯಿಂದ ತಾನಾಗಿಯೇ ಬಂತು: "ಬಲಕ್ಕ ಎರಡು ಕ್ಲಿಕ್."

"ಯಾರ ಜೋಡಿ ಮಾತಾಡ್ಲಾಕತ್ತೀರಿ ಸಾಬ್?" ಎಂದ ಗಾಡಿಯವ. ನಾಚಿಕೆಗೆ ಒಂದು ಡಜನ್ ಕೊಂಡೆ.

ಹೇಳಿದರೆ ನಗುತ್ತೀರಿ. ಬೇಸಿಗೆಯಲ್ಲಿ ಡಾಂಬರು ಕರಗುವ ಈ ಊರಿನ ನಾನು ಒಂದು ಕಾಲದಲ್ಲಿ ಹಿಮದ ಆಟಗಾರ. ಸೇನೆಗೆ ಸೇರಿದ ಮೇಲೆ ಅಂಟಿದ ಆಟ ಅದು. ಬಯಾಥ್ಲಾನ್ ಎಂದರೆ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಏದುಸಿರು ಬರುವ ತನಕ ಹಿಮದ ಮೇಲೆ ಜಾರುವುದು, ನಡುವೆ ಮಲಗಿ ಬಂದೂಕಿನಿಂದ ಐದು ಗುರಿ ಹೊಡೆಯುವುದು. ಒಂದು ತಪ್ಪಿದರೆ ಒಂದು ಸುತ್ತು ಹೆಚ್ಚು. ಗಾಳಿ ಹೊರಳಿದರೆ ಬಂದೂಕಿನ ಗುರಿಗಣ್ಣನ್ನೂ ಇಷ್ಟು ಕ್ಲಿಕ್ ಎಂದು ತಿರುಗಿಸಿಕೊಳ್ಳಬೇಕು. ಅವ್ವ ಇದನ್ನೆಲ್ಲ ಕೇಳಿ, "ಓಡೋದಾದ್ರ ಓಡ್ರಿ, ಹೊಡೆಯೋದಾದ್ರ ಹೊಡೀರಿ, ಎರಡೂ ಕೂಡೇ ಯಾಕ?" ಎಂದಿದ್ದಳು.

ಆಸ್ಟ್ರಿಯಾಕ್ಕೆ ತರಬೇತಿಗೆ ಹೋದಾಗ ಜೊತೆಗಿದ್ದವನು ಕಮಲಾಪುರದ ಶರಣಪ್ಪ, ನನಗೆ ಶರಣು. ಎದೆ ಡವಗುಟ್ಟುವಾಗಲೂ ಉಸಿರು ಹಿಡಿದು ಟ್ರಿಗರ್ ಒತ್ತುವುದನ್ನು ಕಲಿಸಿದವನೇ ಅವನು. ನಮ್ಮಿಬ್ಬರದೊಂದು ಪದ್ಧತಿಯಿತ್ತು: ಗುಂಡು ಹೊಡೆದು ಹೊರಟವನು ಎದುರು ಬರುವವನಿಗೆ ಗಾಳಿಯ ಸಮಾಚಾರ ಕೂಗಿ ಹೇಳಬೇಕು. ನಮ್ಮ ಕಲಬುರಗಿ ಮಾತು ಅಲ್ಲಿ ಯಾರಿಗೆ ತಿಳಿಯಬೇಕು! ಅದೊಂದರಲ್ಲಿ ಇಡೀ ಯುರೋಪಿಗಿಂತ ನಾವೇ ಮುಂದಿದ್ದೆವು.

ಕೊನೆಯ ಆಯ್ಕೆಯ ದಿನ ಅಂತರರಾಷ್ಟ್ರೀಯ ಸ್ಪರ್ಧೆಗೆ ಉಳಿದಿದ್ದು ಒಂದೇ ಸ್ಥಾನ. ಅವನೋ, ನಾನೋ. ಅವನ ಮೊಣಕಾಲು ಆಗಲೇ ಕೈಕೊಡುತ್ತಿತ್ತು. ಅವನಿಗಿದು ಕಡೆಯ ಅವಕಾಶವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಮೊದಲು ಹೊಡೆದೆ. ಐದನೆಯ ಗುಂಡಿನ ಹೊತ್ತಿಗೆ ಗುರಿಗಳ ಪಕ್ಕ ಗಾಳಿ ತೋರಿಸಲು ನೆಟ್ಟಿದ್ದ ಬಾವುಟ ತಟ್ಟನೆ ಹೊರಳಿತು, ಗುರಿ ತಪ್ಪಿತು. ಎದ್ದು ಹೊರಟಾಗ ಶರಣು ಎದುರು ಬಂದ.

"ಗಾಳಿ ಹ್ಯಾಂಗದ?"

"ಮೊದಲಿನಂಗೇ ಅದ!" ಎಂದು ಕೂಗಿದೆ.

ಅವನ ಮೂರು ಗುರಿ ತಪ್ಪಿದವು. ಅವನು ದಂಡದ ಸುತ್ತು ಸುತ್ತುತ್ತಿರುವಾಗ ನಾನು ಮುಂದೆ ಹೋದೆ. ಹೋಗಿ ಆ ದೊಡ್ಡ ಸ್ಪರ್ಧೆಯಲ್ಲಿ ಏನು ಕಡಿದು ಗುಡ್ಡೆ ಹಾಕಿದೆ ಅಂತೀರಿ? ಕೊನೆಯಿಂದ ಎರಡನೆಯವ. ಶರಣು ಮತ್ತೆಂದೂ ಕಾಲಿಗೆ ಹಲಗೆ ಕಟ್ಟಲಿಲ್ಲ. ಸ್ಪರ್ಧೆಗೆ ಹೊರಟ ದಿನ ನನ್ನ ಚೀಲ ಹೊತ್ತು ಬಸ್ಸಿನ ತನಕ ಬಂದವನೂ ಅವನೇ.

ಮೊನ್ನೆ ಆ ಹಣ್ಣಿನ ಚೀಲ ಹಿಡಿದು ಸೀದಾ ಬೀದರ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೆ. ಕಮಲಾಪುರದವನಿಗೆ ಕಮಲಾಪುರದ್ದೇ ಬಾಳೆಹಣ್ಣು ಒಯ್ಯುವ ಜಾಣ ನಾನೊಬ್ಬನೇ ಇರಬೇಕು. ಶರಣು ತೋಟದಲ್ಲಿ ಗೊನೆಗಳಿಗೆ ಆಸರೆ ಕಟ್ಟುತ್ತಿದ್ದ. ನೀರು ಕೊಟ್ಟ. ಲೋಟ ಕೆಳಗಿಟ್ಟು ಹೇಳಿಯೇಬಿಟ್ಟೆ.

"ಅವತ್ತು ಗಾಳಿ ತಿರುಗಿತ್ತು ಶರಣು. ನನಗ ಗೊತ್ತಿತ್ತು."

ಅವನು ಹಗ್ಗದ ಗಂಟು ಬಿಗಿದ. "ಬಾವುಟ ನಾನೂ ನೋಡಿದ್ದೆ. ನೀ ಮೊದಲಿನಂಗೇ ಅದ ಅಂದಿ. ನನ್ನ ಕಣ್ಣೇ ಮೋಸ ಮಾಡ್ಯಾವ ಅಂದ್ಕೊಂಡೆ."

ಬೈದಿದ್ದರೆ ಬದುಕುತ್ತಿದ್ದೆ. ಅವನು ನನ್ನ ಚೀಲದಿಂದಲೇ ಒಂದು ಹಣ್ಣು ತೆಗೆದು, ಸುಲಿದು ಕೊಟ್ಟ.

ಇವತ್ತು ಮತ್ತೆ ಆ ಗಾಡಿಯ ಮುಂದೆ ನಿಂತಿದ್ದೆ. ತಾಡಪತ್ರಿ ಈ ಕಡೆಯಿಂದ ಆ ಕಡೆಗೆ ಹೊರಳಿತು.

"ಗಾಳಿ ತಿರುಗ್ಯದ," ಎಂದು ಗಟ್ಟಿಯಾಗಿಯೇ ಹೇಳಿದೆ.

"ಹೌದ್ರೀ ಸಾಬ್," ಎಂದ ಗಾಡಿಯವ, ನನ್ನ ಮಾತು ನಂಬಿ ಹಗ್ಗವನ್ನು ಆಚೆ ಬದಿಗೆ ಬಿಗಿದು ಕಟ್ಟಿದ.