ಬೋಣಿ ಒತ್ತಿದ ಬೆರಳು

ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದೆ ನನ್ನದೊಂದು ನೆಟ್ ಸೆಂಟರ್ ಇತ್ತು. ನಾಲ್ಕು ಕಂಪ್ಯೂಟರ್. ಕರೆಂಟ್ ಇದ್ದಾಗ ಮೂರು ನಡೆಯುತ್ತಿದ್ದವು. ಪೇಟೆಯಲ್ಲಿ ಅಪ್ಪನ ಅರಿವೆ ಅಂಗಡಿ ಇದ್ದೂ ನಾನು ಇಲ್ಲಿ ಕೂತದ್ದು ಅವನಿಗೆ ಒಂಚೂರೂ ಸೇರಿರಲಿಲ್ಲ.

"ದೀಪಾವಳಿ ತನಕ ನೋಡ್ತೀನಿ. ಆ ಜಾಹೀರಾತು ಕಂಪನಿಯವರು ನಿನ್ನ ಹೆಸರಿಗಿ ಒಂದರ ಚೆಕ್ ಕಳಿಸಿದ್ರ ಸರಿ. ಇಲ್ಲಾಂದ್ರ ಕೀಲಿ ಹಾಕಿ ಅಂಗಡಿಗಿ ಬಂದು ಅರಿವಿ ಅಳೀಬೇಕು," ಎಂದಿದ್ದ.

ಆ ಒಂದು ಚೆಕ್ಕಿಗಾಗಿ ನಾನು ಶುದ್ಧ ಲಫಂಗ ಕೆಲಸಕ್ಕೆ ಇಳಿದೆ. ಹುಬ್ಬಳ್ಳಿಯಿಂದ ಒಂದು ಸಾಫ್ಟ್‌ವೇರ್ ಸಿ.ಡಿ. ತಂದಿದ್ದೆ. ಅದಕ್ಕೆ ಊರುಗಳ ಪಟ್ಟಿ, ದಂಧೆಗಳ ಪಟ್ಟಿ ಕೊಟ್ಟರೆ ತಾನೇ ಎರಡನ್ನೂ ಜೋಡಿಸಿ ಇಂಗ್ಲಿಷಿನಲ್ಲಿ ಸಾವಿರಾರು ವೆಬ್ ಪುಟ ಹೆರುತ್ತಿತ್ತು. ಸರ್ಚ್ ಎಂಜಿನ್ ಅದನ್ನೆಲ್ಲ ನಂಬಿ ಜನರನ್ನು ನನ್ನ ಪುಟಗಳಿಗೆ ತಂದು ಬಿಡುತ್ತಿತ್ತು. ಬಂದವರು ಮಗ್ಗುಲಲ್ಲಿದ್ದ ಜಾಹೀರಾತು ಒತ್ತಿದರೆ ಕಂಪನಿ ನನಗೆ ಚೂರುಪಾರು ಕೊಡಬೇಕು.

ರೋಣ, ನರಗುಂದದ ಬಸ್ಸುಗಳ ಬೋರ್ಡು ನೋಡಿ ಊರುಗಳನ್ನು ತುರುಕಿದೆ. ಅಸೂಟಿಗೆ ವಿಮಾನ ನಿಲ್ದಾಣ ಬಂತು. ಅಬ್ಬಿಗೇರಿಯ ಎರೆಹೊಲದಲ್ಲಿ ಹಿಮದ ಮೇಲೆ ಜಾರುವ ಆಟ ಶುರುವಾಯಿತು. ಹೊಳೆಮಣ್ಣೂರಿನ ಪ್ರತಿ ಮನೆಗೂ ಈಜುಕೊಳ ಪುಕ್ಕಟೆ ಎಂದು ಬರೆದಿತ್ತು. ಹೊಳೆ ಉಕ್ಕಿ ಊರು ಮುಳುಗಿದ ವರ್ಷ ಅದೊಂದು ಮಾತ್ರ ಖರೆ. ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಅಪ್ಪನಿಗೂ ನಗುತ್ತ ಹೇಳಿದ್ದೆ. ನಾಚಿಕೆ ಆಗಲಿಲ್ಲವೇ ಎಂದರೆ, ಆಗಲಿಲ್ಲ. ಚೆಕ್ ಬೇಕಿತ್ತು.

ದೀಪಾವಳಿ ಹತ್ತಿರ ಬಂದಾಗ ಕಂಪನಿಯಿಂದ ಇ-ಮೇಲ್ ಬಂತು. ಖಾತೆ ಬಂದ್, ಚೆಕ್ ಇಲ್ಲ. ಅಸೂಟಿಯ ವಿಮಾನದ ಬಗ್ಗೆ ಚಕಾರವಿಲ್ಲ! ದಿನಾ ಬೆಳಿಗ್ಗೆ ಒಂಬತ್ತಕ್ಕೆ, ನನ್ನದೇ ಸೆಂಟರಿನಿಂದ ಜಾಹೀರಾತು ಒತ್ತಲಾಗುತ್ತಿದೆಯಂತೆ. ಮನುಷ್ಯರು ಹೀಗೆ ಒತ್ತುವುದಿಲ್ಲ, ಇದು ಯಂತ್ರದ ಕೆಲಸ ಎಂದು ಬರೆದಿದ್ದರು.

ಒಂಬತ್ತಕ್ಕೆ ನಾನು ಕೀಲಿ ಹಾಕದೆ ಬಾಗಿಲಷ್ಟೇ ಮುಂದೆ ಮಾಡಿ ಮನೆಗೆ ನಾಷ್ಟಾಕ್ಕೆ ಹೋಗುತ್ತಿದ್ದೆ. ಮರುದಿನ ಹೋಗದೆ, ಎದುರಿನ ಬಳೆ ಅಂಗಡಿಯ ಚಾಚಾ ಹತ್ತಿರ ಹಲ್ಲು ಕಡಿಯುತ್ತ ಕೂತೆ. ಬಂದವನು ಅಪ್ಪ! ಚಪ್ಪಲಿ ಹೊರಗೆ ಬಿಟ್ಟ. ದೇವರ ಫೋಟೋಕ್ಕೆ ಕೈ ಮುಗಿದು ಕೂತ. ಇಂಗ್ಲಿಷಿನ ಒಂದಕ್ಷರ ಬಾರದ ನನ್ನಪ್ಪ ಒಂದೇ ಬೆರಳಿನಿಂದ, ಭಕ್ತಿಯಿಂದ, ತೆರೆದಿದ್ದ ನನ್ನ ಪುಟದ ಮಗ್ಗುಲಿನ ಅಮೆರಿಕದ ವಿಚ್ಛೇದನ ವಕೀಲರ ಜಾಹೀರಾತು ಒತ್ತಿದ.

ನಾನು ಓಡಿದೆ. "ಅಪ್ಪಾ, ಏನ್ ಮಾಡಾಕತ್ತಿ?"

"ಬೋಣಿ," ಎಂದ.

ದಿನದ ಮೊದಲ ವ್ಯಾಪಾರ ಚಲೋ ಕೈಯಿಂದ ಆಗದಿದ್ದರೆ ಸಂಜೆತನಕ ಗಿರಾಕಿ ಇಲ್ಲವೆಂದು ನಮ್ಮ ಪೇಟೆಯವರ ನಂಬಿಕೆ. ಅದಕ್ಕೇ ಅಕ್ಕಪಕ್ಕದ ಅಂಗಡಿಯವರು ಒಬ್ಬರಿಗೊಬ್ಬರು ಬೋಣಿ ಮಾಡಿ ಹೋಗುತ್ತಾರೆ.

"ಒತ್ತಿದ್ರ ವ್ಯಾಪಾರ ಅಂತ ನೀನ ಹೇಳಿದ್ದಿ. ಬೋಣಿ ಇಲ್ದ ಕುಂಡ್ರತಿ, ನೋಡಾಕ ಆಗ್ಲಿಲ್ಲ."

ನನ್ನ ಹಿಂದೆಯೇ ಬಂದಿದ್ದ ಚಾಚಾ, "ನಾನೂ ಒತ್ತತೀನಪಾ. ಶುಕ್ರವಾರ ಅಷ್ಟ ಇಲ್ಲ," ಎಂದರು.

ಸಿಟ್ಟಿನಿಂದ ಇ-ಮೇಲ್ ಓದಿ ಹೇಳಿದೆ. ಅಪ್ಪ ಪೂರ್ತಿ ಕೇಳಿದ.

"ನನಗ ಮಷೀನ್ ಅಂದಾರ?"

"ಹೂಂ."

"ಮತ್ತ ನೀ ಅಸೂಟ್ಯಾಗ ವಿಮಾನ ಇಳಿಸಿದ್ದು?"

"ಅದಕ್ಕ ಏನೂ ಅಂದಿಲ್ಲ."

ಅವನ ಮುಖ ಸಣ್ಣದಾಯಿತು. "ಹಂಗಾರ ನಾನ ಕೆಡಿಸಿದೆ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಒದರಾಡಿದ್ದಕ್ಕೆ ಇಡೀ ದಿನ ನನಗೆ ಸಂಕಟವಾಯಿತು.

ಮರುದಿನ ಒಂಬತ್ತಕ್ಕೆ ಮತ್ತೆ ಬಂದ. ಜಾಹೀರಾತು ಇದ್ದ ಜಾಗ ಬೆಳ್ಳಗೆ ಖಾಲಿ. ಬೆರಳು ಎತ್ತಿಕೊಂಡೇ ಕೂತಿದ್ದ.

"ಇವತ್ತ ಎಲ್ಲಿ ಒತ್ತಲಿ?"

ಕಡೆಗೆ ಅವನೇ ಜೇಬಿನಿಂದ ನಾಣ್ಯ ತೆಗೆದು ಟೇಬಲ್ ಮೇಲಿಟ್ಟ. "ಒಂದು ಪ್ರಿಂಟ್ ತಗಿ."

"ಯಾವುದು?"

"ಯಾವುದರ ತಗಿ. ಬೋಣಿ ಆಗ್ಲಿ."

ತೆರೆದೇ ಇದ್ದದ್ದು ಅವನನ್ನು ಯಂತ್ರ ಎಂದ ಆ ಇ-ಮೇಲ್. ಅದನ್ನೇ ತೆಗೆದುಕೊಟ್ಟೆ. ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಅಂಗಡಿಗೆ ನಡೆದ. ದೀಪಾವಳಿ ಬಂತು, ಹೋಯಿತು. ಕೀಲಿ ಹಾಕು ಎಂದು ಅವನು ಅನ್ನಲೇ ಇಲ್ಲ.