ಕೆಂಪು ಪಟ್ಟಿ ಕಟ್ಟಿದ ಗಿಡ

ಇಪ್ಪತ್ತಾರು ವರ್ಷ ಮಕ್ಕಳಿಗೆ ಹೂ, ಕಾಯಿ, ಬೀಜದ ಪಾಠ ಹೇಳಿದ ಮೇಷ್ಟ್ರು, ರಜೆಯ ಮೊದಲ ದಿನವೇ ಅತ್ತಿಗೆ ಕೆಲಸ ಮಾಡುವ ಉದ್ಯಾನದಲ್ಲಿ ಅವರಿಗೆ ಉಪಕಾರ ಮಾಡಲು ಹೋಗಿ ಒಂದು ಗಿಡವನ್ನು ಬುಡಸಮೇತ ಕಿತ್ತು, ತರಗೆಲೆ ಸುಡುತ್ತಿದ್ದ ಬೆಂಕಿಗೆ ಹಾಕಿದರು. ಅಷ್ಟಕ್ಕೇ ಸುಮ್ಮನಿರದೆ, ಶಾಭಾಸ್ ಅನ್ನಿಸಿಕೊಳ್ಳಲು ಬೀಜದ ಕೋಣೆಗೂ ನಡೆದರು.

"ಅತ್ತಿಗೆ, ಮೂಲೆ ಪಾತಿ ಚೊಕ್ಕಟ ಮಾಡಿಬಿಟ್ಟೆ. ಒಂದು ಒಣಕಲು ನಿಂತಿತ್ತಲ್ಲ, ನೀವೇ ಗುರುತು ಬೇರೆ ಹಾಕಿದ್ರಿ."

ಜರಡಿ ಆಡಿಸುತ್ತಿದ್ದ ಅತ್ತಿಗೆಯ ಕೈ ನಿಂತಿತು. "ಏನು ಗುರುತು?"

"ಕೆಂಪು ಬಟ್ಟೆ ಪಟ್ಟಿ. ಕೆಂಪು ಅಂದ್ರೆ ತಪ್ಪು ಅಂತ ತಾನೇ?"

"ಅದು ನಿಮ್ಮ ಶಾಲೇಲಿ. ಇಲ್ಲಿ ಕೆಂಪು ಅಂದ್ರೆ ಬೀಜಕ್ಕೆ ಬಿಟ್ಟಿದೆ, ಮುಟ್ಟಬೇಡ ಅಂತ."

ಮೇಷ್ಟ್ರಿಗೆ ಭೂಮಿ ಬಾಯಿ ತೆರೆದರೆ ಸಾಕು ಅನ್ನಿಸಿತು. ಅದು ಯಾವ ಗಿಡವೆಂದು ಆಗ ಹೊಳೆಯಿತು.

ಅತ್ತಿಗೆ ಈ ಉದ್ಯಾನದ ಬೀಜದ ಕೋಣೆಗೆ ಬಂದು ಮೂವತ್ತು ವರ್ಷ. ಗೋಡೆ ತುಂಬ ಬೆಂಕಿಪೊಟ್ಟಣದಂಥ ಮರದ ಡ್ರಾಯರುಗಳು. ಒಂದೊಂದರಲ್ಲೂ ಒಂದೊಂದು ಹೂವಿನ ಬೀಜ. ಒಳಗೆ ಕಾಲಿಟ್ಟರೆ ಎಂಥವರಿಗೂ ದನಿ ತಗ್ಗುತ್ತದೆ. ಸಾವಿರಾರು ಜನ ಒಂದೇ ಚಾಪೆಯ ಮೇಲೆ ಮಲಗಿದ್ದಾರೇನೋ, ನಾವೇ ತಡವಾಗಿ ಬಂದವರೇನೋ ಎಂಬಂತೆ. ಮೇಷ್ಟ್ರಂತೂ ಅಲ್ಲಿ ಎರಡು ನಿಮಿಷ ಕೂತರೆ ಆಕಳಿಸುತ್ತಿದ್ದರು. ಅತ್ತಿಗೆಗೆ ಮಾತ್ರ ನಿದ್ದೆಯಿಲ್ಲ. ಅದನ್ನೆಲ್ಲ ಬೀಜಗಳಿಗೇ ಹಂಚಿಬಿಟ್ಟಿದ್ದರು. ಪ್ರತಿ ಡ್ರಾಯರಿನಿಂದ ಹತ್ತು ಕಾಳು ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಎದ್ದವು, ಎಷ್ಟು ಇನ್ನೂ ಹೊದ್ದು ಮಲಗಿವೆ ಎಂದು ನೋಡುವುದೇ ಅವರ ಕೆಲಸ.

ಮೇಷ್ಟ್ರ ಅಣ್ಣ ಅಲ್ಲೇ ಮಾಲಿಯಾಗಿದ್ದ. ಮದುವೆಯಾದ ವರ್ಷ ಯಾವುದೋ ಗುಡ್ಡದ ದಾರಿಯಿಂದ ಜೇಬು ತುಂಬ ಮುಳ್ಳುಮುಳ್ಳಾದ ಬೀಜ ತಂದು, "ತಗೋ, ನಿನಗೆ" ಎಂದನಂತೆ. ಬಂಗಾರ ತರುತ್ತಾನೆಂದು ಕಾದಿದ್ದ ಹೆಂಡತಿ ಮೂರು ದಿನ ಮಾತು ಬಿಟ್ಟರು. ಬೀಜ ಮೊಳೆತು, ಎರಡನೇ ವರ್ಷ ನಸುನೀಲಿ ಹೂ ಬಿಟ್ಟಿತು. ಮಧ್ಯಾಹ್ನವಾದರೆ ಹೂವೆಲ್ಲ ತಲೆ ವಾಲಿಸುತ್ತಿದ್ದವು. ಆ ಹೊತ್ತಿಗೆ ಸರಿಯಾಗಿ ಅಣ್ಣನೂ ಬೆಂಚಿನ ಮೇಲೆ ತಲೆ ವಾಲಿಸುತ್ತಿದ್ದ. ಹಾಗಾಗಿ ಅದು ತೂಕಡಿಕೆ ಹೂವಾಯಿತು. ಅಣ್ಣ ಹೋಗಿ ಆರು ವರ್ಷ. ಹಿಂದಿನ ವರ್ಷ ಡ್ರಾಯರಿಗೆ ಹುಳ ಬಿದ್ದು ಆ ಬೀಜವೆಲ್ಲ ಪುಡಿಯಾಗಿ, ಉಳಿದದ್ದು ಒಂದೇ ಗಿಡ. ಮೂಲೆ ಪಾತಿಯದು.

"ಒಣಗಿತ್ತಲ್ಲ ಅತ್ತಿಗೆ... ಸತ್ತಿದೆ ಅಂದುಕೊಂಡೆ."

"ಅದು ಸತ್ತಿರಲಿಲ್ಲ ಮೇಷ್ಟ್ರೇ, ಗಂಟು ಕಟ್ಟಿಕೊಂಡು ಹೊರಡೋಕೆ ತಯಾರಾಗಿತ್ತು." ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕಿಟಕಿಯಾಚೆ ಏಳುತ್ತಿದ್ದ ಹೊಗೆಯನ್ನು ನೋಡುತ್ತ ಕೂತರು. ಹೊಗೆಯೂ ನೆಟ್ಟಗೆ ಹೋಗದೆ ತಲೆ ವಾಲಿಸುತ್ತಿತ್ತು.

ಮೇಷ್ಟ್ರು ಕುತ್ತಿಗೆ ಕೆರೆದುಕೊಂಡರು. ಆಮೇಲೆ ಮೊಣಕೈ. ಅತ್ತಿಗೆ ತಿರುಗಿದರು.

"ಅಲ್ಲಾಡಬೇಡಿ."

"ಏನಾಯ್ತು?"

"ಉಸಿರೂ ಬಿಡಬೇಡಿ."

ಅಣ್ಣನ ಹಳೇ ಉಣ್ಣೆ ಸ್ವೆಟರು ಮೇಷ್ಟ್ರ ಮೈಮೇಲಿತ್ತು. ಅದರ ತೋಳಿಗೆ, ಎದೆಗೆ, ಪ್ಯಾಂಟಿನ ಅಂಚಿಗೆ ಅಲ್ಲೊಂದು ಇಲ್ಲೊಂದು ಕಂದು ಮುಳ್ಳುಗಳು ಕಚ್ಚಿಕೊಂಡಿದ್ದವು. ಅತ್ತಿಗೆ ನೆಲಕ್ಕೆ ಹಾಳೆ ಹಾಸಿ ಅದರ ಮೇಲೆ ಮೈದುನನನ್ನು ನಿಲ್ಲಿಸಿ, ಚಿಮಟ ಹಿಡಿದು ಒಂದೊಂದಾಗಿ ಬಿಡಿಸತೊಡಗಿದರು. ಮುಕ್ಕಾಲು ಗಂಟೆ ಮೇಷ್ಟ್ರು, ಕನ್ನಡಕ ಮೂಗಿನ ತುದಿಗೆ ಜಾರಿದರೂ, ಕೈ ಚಾಚಿ ಬೆದರುಬೊಂಬೆಯಂತೆ ನಿಂತರು. ಸಿಕ್ಕಿದ್ದು ಹದಿನೇಳು.

"ಸ್ವೆಟರಿನ ಗುಂಡಿ ಹತ್ರ ಇನ್ನೊಂದಿದೆಯೇನೋ ನೋಡಿ," ಎಂದರು ಮೇಷ್ಟ್ರು, ಪಾಪ ಕಳೆದುಕೊಳ್ಳುವ ಆಸೆಯಿಂದ.

"ಅದು ಬೀಜ ಅಲ್ಲ, ಬೆಳಿಗ್ಗೆ ತಿಂದ ಬ್ರೆಡ್ಡಿನ ಚೂರು."

ಹದಿನೇಳೂ ಒದ್ದೆ ಬಟ್ಟೆ ಸೇರಿದವು. ಮೇಷ್ಟ್ರು ದಿನಾ ಬಂದು ಬಾಗಿಲಲ್ಲಿ ನಿಲ್ಲುವರು. ಅತ್ತಿಗೆ ತಲೆ ಎತ್ತದೆ "ಮಲಗಿವೆ" ಎನ್ನುವರು. ವಾರ ಕಳೆಯಿತು, ಎರಡು ಕಳೆಯಿತು. ಮೇಷ್ಟ್ರಿಗೆ ಕನಸಿನಲ್ಲಿ ಅಣ್ಣ ಬಂದು ಬೆಂಚಿನ ಮೇಲೆ ಕೂತ. ತೂಕಡಿಸಿದ. ಹತ್ತೊಂಬತ್ತನೇ ದಿನ ಅತ್ತಿಗೆ ಬಾಗಿಲ ಕಡೆ ನೋಡಿದರು. "ಒಂದು ಎದ್ದಿದೆ. ಗದ್ದಲ ಮಾಡಬೇಡಿ." ಕೊನೆಗೆ ಎದ್ದವು ಐದು. ಮಿಕ್ಕವು ಏಳುವ ಜಾತಿಯವೇ ಅಲ್ಲ, ಅಣ್ಣನಂತೆ.

ಎರಡು ವರ್ಷ ಬೇಕಾಯಿತು. ಮೇಷ್ಟ್ರು ತರಗತಿಯ ಮಕ್ಕಳನ್ನು ಸಾಲಾಗಿ ಕರೆತಂದಾಗ ಮೂಲೆ ಪಾತಿಯಲ್ಲಿ ನಸುನೀಲಿ ಹೂಗಳು ಆಗತಾನೇ ತಲೆ ವಾಲಿಸುತ್ತಿದ್ದವು. ಐದು ಗಿಡಕ್ಕೂ ಕೆಂಪು ಪಟ್ಟಿ. ಮೇಷ್ಟ್ರು ಎರಡೂ ಕೈ ಜೇಬಿನೊಳಗಿಟ್ಟುಕೊಂಡೇ ಪಾಠ ಹೇಳಿದರು: ಬೀಜ ಊರೂರು ಸುತ್ತಲು ಗಾಳಿ ಬೇಕು, ಇಲ್ಲ ನೀರು ಬೇಕು, ಇಲ್ಲ ಯಾವುದಾದರೂ ಪ್ರಾಣಿಯ ಮೈಗೆ ಅಂಟಿಕೊಳ್ಳಬೇಕು.

ಮುಂದಿನ ಸಾಲಿನ ಹುಡುಗಿ ಅತ್ತಿಗೆಯನ್ನು ಕೇಳಿದಳು. "ಇದರ ಬೀಜ ಹೇಗೆ ಬಂತು ಅಜ್ಜಿ? ಗಾಳೀಲಾ, ನೀರಲ್ಲಾ?"

ಅತ್ತಿಗೆ ಮೈದುನನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

"ಪ್ರಾಣಿ ಮೈಗೆ ಅಂಟಿಕೊಂಡು ಬಂತಮ್ಮ. ಕನ್ನಡಕ ಹಾಕ್ಕೊಂಡಿತ್ತು."