ಭಜನೆಗೆ ಬಂದ ಮುಕಾದಮ

ನವಿ ಮುಂಬೈಯ ತುರ್ಭೆಯ ಗೋದಾಮೊಂದರಲ್ಲಿ ಮೂಟೆ ಹೊರುವ ನಾವು ಗುಟ್ಟಾಗಿ ಯೂನಿಯನ್ ಕಟ್ಟುತ್ತಿದ್ದೆವು. ಕೆಲಸ ಹಂಚುವ ಮುಕಾದಮನಿಗೆ ಸುಳಿವು ಸಿಕ್ಕರೆ ಮರುದಿನದಿಂದ ಎಲ್ಲರೂ ಮನೆಗೆ. ಅದಕ್ಕೇ ಸೋಮವಾರ ಸಂಜೆ ಭಜನೆಯೆಂದು ಹೇಳಿ ಕೋಪರಖೈರಣೆಯ ನನ್ನ ಖೋಲಿಯಲ್ಲಿ ಸೇರುತ್ತಿದ್ದೆವು. ದೇವರ ಹೆಸರಲ್ಲಿ ಸುಳ್ಳು ಬೇಡವೆಂದು ಮೊದಲು ನಿಜವಾಗಿಯೂ ಹಾಡಿಸುತ್ತಿದ್ದೆ. ಆಮೇಲೆ ಯೂನಿಯನ್ ಮಾತು, ಕೊನೆಗೆ ಮೆಲುದನಿಯಲ್ಲಿ ಕಾರ್ಮಿಕರ ಒಗ್ಗಟ್ಟಿನ ಘೋಷಣೆಯ ಅಭ್ಯಾಸ.

ಒಂದು ಸೋಮವಾರ ಮುಕಾದಮನೇ ಬಾಗಿಲಲ್ಲಿ ನಿಂತ. ಅವನೂ ನಮ್ಮ ಕಲಬುರಗಿ ಕಡೆಯವನೇ.

"ಯಾಕ್ರಿ ಕಾಕಾ, ನಾ ಬಂದ್ರ ದೇವ್ರು ಸಿಟ್ಟಾಗ್ತಾನೇನು? ನಡೀಲಿ ಭಜನಿ," ಎಂದು ಗೋಡೆಗೊರಗಿ ಕೂತ. ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ.

ನಾನು ತಾಳ ಹಿಡಿದೆ. ಹಾಡಿದೆವು, ಮತ್ತೂ ಹಾಡಿದೆವು, ಅವನು ಏಳಲಿಲ್ಲ. ಕಡೆಗೆ ಮಂಗಳಾರತಿ ಬೆಳಗಿ "ಹರ ಹರ" ಎಂದೆ. ಎಲ್ಲರೂ "ಮಹಾದೇವ" ಎಂದರು. ಅದರ ಬೆನ್ನಿಗೇ, ನಮಗೆ ಘೋಷಣೆ ಹೇಳಿಕೊಡುವ ಶರಣಪ್ಪ ರೂಢಿಯಂತೆ ಕೈಯೆತ್ತಿ, "ಕಾಮಗಾರ್ ಏಕ್ತಾ!" ಎಂದುಬಿಟ್ಟ.

ನಾವು ತಲೆ ತಗ್ಗಿಸಿದೆವು. "ಜಿಂದಾಬಾದ್!" ಎಂದದ್ದು ಒಂದೇ ದನಿ, ಗೋಡೆಯ ಕಡೆಯಿಂದ.

ಮುಕಾದಮನ ಮುಷ್ಟಿ ಮೇಲೆಯೇ ಇತ್ತು. ಹಿಂದೆ ಅವನೂ ಮೋರ್ಚಾಗಳಲ್ಲಿ ಕೂಗಿದ ಹಮಾಲನೇ ತಾನೆ. ನಿಧಾನವಾಗಿ ಕೈ ಇಳಿಸಿ, ಪ್ರಸಾದ ತೆಗೆದುಕೊಂಡು, "ಬರ್ತೀನ್ರಿ" ಎಂದು ಹೊರಟ.

ಮರುದಿನ ಯಾರ ಕೆಲಸವೂ ಹೋಗಲಿಲ್ಲ. ಯಾರ್ಯಾರು ಕೂಗಿದರೆಂದು ಗೋದಾಮಿನ ಸೇಠನಿಗೆ ಹೇಳಹೋದರೆ ಅವನು ತನ್ನಿಂದಲೇ ಶುರುಮಾಡಬೇಕಿತ್ತಲ್ಲ.